ಹಳೆಯ ವಿಮಾನವೋ, ಹೊಸ ವಿಮಾನವೋ?

(ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿಯೊಬ್ಬನಿಂದ)

ಈ ಲೇಖನದ ತಲೆಬರಹವನ್ನು ಕಂಡೊಡನೆ ನನ್ನ ಮಿತ್ರರಲ್ಲಿ ಕೆಲವರು ನಗುವರೆಂದು ಬಲ್ಲೆ. ಬಸ್ಸಿನ ಪಾಸಿಗಾಗಿ ಸಾಲಿನಲ್ಲಿ ನಿಲ್ಲುವ ನಮಗೆ ಸ್ವಂತ ವಿಮಾನವನ್ನು ಕೊಳ್ಳುವ ಮಾತೇಕೆ? ಅದೂ ಅರ್ಥಶಾಸ್ತ್ರವನ್ನು ಓದುವವನು ರೆಕ್ಕೆ, ಎಂಜಿನ್ನುಗಳ ವಿಚಾರ ಬರೆಯಹೊರಟರೆ ತಿಳಿದವರು ಏನೆಂದಾರು? ಆಕ್ಷೇಪಣೆ ನ್ಯಾಯವಾದದ್ದೇ. ಆದರೆ ಈ ವಿಷಯವನ್ನು ನಾನು ಹುಡುಕಿಕೊಂಡು ಹೋದವನಲ್ಲ. ಅದೇ ನನ್ನನ್ನು ಹುಡುಕಿಕೊಂಡು ಬಂದಿತು. ಬಂದದ್ದು ನಮ್ಮ ಸೋದರಮಾವನ ಮನೆಯ ಅಡಿಗೆಮನೆಯ ಮೂಲಕ.

ನಮ್ಮ ಮಾವ ಬೆಂಗಳೂರಿನ ಜಕ್ಕೂರಿನಲ್ಲಿ ವಿಮಾನಗಳ ಮೆಕ್ಯಾನಿಕ್ಕಾಗಿ ಬಹುಕಾಲ ದುಡಿದು ನಿವೃತ್ತರಾದವರು. ಅವರ ಮಗ, ಅಂದರೆ ನನ್ನ ಭಾವ, ಅಮೆರಿಕದ ಕ್ಯಾನ್ಸಾಸ್ ಪ್ರಾಂತದ ವಿಚಿಟಾ ಎಂಬ ಊರಿನಲ್ಲಿ ಎಂಜಿನಿಯರ್. ಆತ ಅಲ್ಲಿ ವಿಮಾನ ಹಾರಿಸುವುದನ್ನು ಕಲಿತು ಲೈಸೆನ್ಸ್ ಪಡೆದ. ಕಳೆದ ವರ್ಷ ಒಂದು ದಿನ ಫೋನು ಮಾಡಿ, 1966ನೆಯ ಇಸವಿಯ ಸೆಸ್ನ 172 ಒಂದು ಮಾರಾಟಕ್ಕಿದೆಯೆಂದೂ, ಕೊಳ್ಳಬೇಕೆಂದಿರುವೆನೆಂದೂ ಹೇಳಿದ. ಮರುದಿನ ನಾನು ಹೋದಾಗ ಅತ್ತೆ ಒಲೆಯ ಮುಂದೆಯೇ ನನ್ನನ್ನು ತಡೆದು ನಿಲ್ಲಿಸಿದರು. “ಅರುವತ್ತು ವರ್ಷದ ಹಳೇ ವಿಮಾನವಂತೆ ಕಣೋ! ಅಷ್ಟು ಹಳೇ ಬಸ್ಸಿನಲ್ಲಿ ಯಾರಾದರೂ ಕೂರುತ್ತಾರಾ? ಹೊಸದನ್ನು ಕೊಂಡುಕೋ ಅಂತ ನೀನಾದರೂ ಅವನಿಗೆ ಬುದ್ಧಿ ಹೇಳು. ನೀನು ಓದಿದವನು.” ನಡುಮನೆಯಲ್ಲಿದ್ದ ಮಾವ ವೃತ್ತಪತ್ರಿಕೆಯ ಹಿಂದಿನಿಂದಲೇ, “ಹೊಸದರ ಬೆಲೆ ಎಷ್ಟು ಅಂತ ಮೊದಲು ವಿಚಾರಿಸಿಕೊಂಡು ಬಾರೋ” ಎಂದರು. ಹೀಗೆ ಇಬ್ಬರ ನಡುವೆ ಸಿಕ್ಕಿದ ನಾನು ಎರಡು ತಿಂಗಳು ಇದನ್ನೇ ಓದಿದೆ. ಓದಿದ್ದರಲ್ಲಿ ನನಗೆ ತಿಳಿದಷ್ಟನ್ನು ಇಲ್ಲಿ ಬರೆಯುತ್ತಿದ್ದೇನೆ.

ಖಾಸಗಿ ವಿಮಾನವೆಂದರೆ ನಮ್ಮ ಕಣ್ಣಿಗೆ ಕಾಣುವುದು ಕೋಟ್ಯಧೀಶರ ಜೆಟ್ ವಿಮಾನ. ಅಮೆರಿಕದಲ್ಲಿ ಆ ಮಾತಿಗೆ ಇನ್ನೊಂದು ಅರ್ಥವೂ ಉಂಟು. ಅಲ್ಲಿ ಸಾರ್ವಜನಿಕರು ಬಳಸಬಹುದಾದ ವಿಮಾನ ನಿಲ್ದಾಣಗಳೇ ಸುಮಾರು 5,000 ಇವೆ. ರೈತ, ಪಶುವೈದ್ಯ, ಶಾಲೆಯ ಉಪಾಧ್ಯಾಯ ಮುಂತಾದ ಮಧ್ಯಮ ವರ್ಗದವರು ಒಬ್ಬರೇ ಆಗಲಿ, ಮೂರು ನಾಲ್ಕು ಜನ ಪಾಲುಗಾರರಾಗಿಯೇ ಆಗಲಿ ಒಂದು ಎಂಜಿನ್ನಿನ, ಎರಡು ಅಥವಾ ನಾಲ್ಕು ಆಸನಗಳ ಪುಟ್ಟ ವಿಮಾನವನ್ನು ಇಟ್ಟುಕೊಳ್ಳುತ್ತಾರೆ. ಆಶ್ಚರ್ಯವೆಂದರೆ ಈ ವಿಮಾನಗಳ ಸರಾಸರಿ ವಯಸ್ಸು 40 ವರ್ಷಕ್ಕೂ ಹೆಚ್ಚು. ಅರುವತ್ತು ವರ್ಷದ ಮೋಟಾರು ಕಾರನ್ನು ನಾವು ಮೆರವಣಿಗೆಯಲ್ಲಿ ನೋಡುತ್ತೇವೆ. ಅರುವತ್ತು ವರ್ಷದ ವಿಮಾನ ಅಲ್ಲಿ ದಿನವೂ ಕೆಲಸಕ್ಕೆ ಹೋಗಿ ಬರುತ್ತದೆ.

ಇದಕ್ಕೆ ಕಾರಣವನ್ನು ಕೇಳಿದರೆ ಉತ್ತರ ದೊರೆಯುವುದು ಯಂತ್ರಶಾಸ್ತ್ರದಲ್ಲಿ ಅಲ್ಲ, ನಮ್ಮ ಅರ್ಥಶಾಸ್ತ್ರದಲ್ಲಿ. ಆದುದರಿಂದ ಇಲ್ಲಿ ತುಸು ನಿಲ್ಲುವುದಕ್ಕೆ ವಾಚಕರು ಅಪ್ಪಣೆ ಕೊಡಬೇಕು. 1956ರಲ್ಲಿ ಸೆಸ್ನ 172 ಮಾರುಕಟ್ಟೆಗೆ ಬಂದಾಗ ಅದರ ಬೆಲೆ ಒಂಬತ್ತು ಸಾವಿರ ಡಾಲರಿಗೆ ಸ್ವಲ್ಪ ಕಡಿಮೆ. ಅಂದಿನ ಆ ಹಣ ಇಂದಿನ ಸುಮಾರು ಒಂದು ಲಕ್ಷ ಡಾಲರಿಗೆ ಸಮ. ಆದರೆ ಅದೇ ಹೆಸರಿನ ಹೊಸ ವಿಮಾನಕ್ಕೆ ಈಗ ಕೊಡಬೇಕಾದದ್ದು ನಾಲ್ಕು ಲಕ್ಷ ಡಾಲರಿಗೂ ಮೇಲೆ. ಹಣದ ಉಬ್ಬರವನ್ನು ಕಳೆದರೂ ಬೆಲೆ ನಾಲ್ಕು ಪಟ್ಟಾಗಿದೆ! 1978ರಲ್ಲಿ ಅಮೆರಿಕದ ಕಾರ್ಖಾನೆಗಳು 17,811 ಲಘು ವಿಮಾನಗಳನ್ನು ಮಾರಿದ್ದವು. 1994ರಲ್ಲಿ ಆ ಸಂಖ್ಯೆ 928ಕ್ಕೆ ಇಳಿಯಿತು. ಹದಿನಾರು ವರ್ಷಗಳಲ್ಲಿ ಒಂದು ಉದ್ಯಮವೇ ಇಪ್ಪತ್ತರಲ್ಲಿ ಒಂದು ಪಾಲಾಗಿ ಕುಗ್ಗಿದ ಉದಾಹರಣೆಯನ್ನು ನಮ್ಮ ಪಠ್ಯಪುಸ್ತಕದಲ್ಲಿ ನಾನು ಕಂಡಿಲ್ಲ.

ಕಾರಣಗಳು ಹಲವು. ಸಾಲದ ಬಡ್ಡಿ ಏರಿತು, ಪೆಟ್ರೋಲು ತುಟ್ಟಿಯಾಯಿತು, ಎಪ್ಪತ್ತರ ದಶಕದಲ್ಲಿ ಮಾರಿದ ವಿಮಾನಗಳೇ ದೇಶವನ್ನೆಲ್ಲ ತುಂಬಿದ್ದವು. ಇವುಗಳ ಜೊತೆಗೆ ನ್ಯಾಯಾಲಯದ ವ್ಯಾಜ್ಯಗಳೂ ಸೇರಿಕೊಂಡವು. ಮೂವತ್ತು ವರ್ಷದ ಹಿಂದೆ ತಯಾರಿಸಿ, ಐದಾರು ಕೈ ಬದಲಾದ ವಿಮಾನ ಬಿದ್ದರೂ ತಯಾರಕನ ಮೇಲೆ ದಾವೆ ಹೂಡಬಹುದಾಗಿತ್ತು. ಈ ಭಯಕ್ಕಾಗಿ ಮಾಡಿಸಿದ ವಿಮೆಯ ಖರ್ಚೆಲ್ಲ ಹೊಸ ವಿಮಾನದ ಬೆಲೆಯ ಮೇಲೆಯೇ ಬಿದ್ದಿತು. 1986ರಲ್ಲಿ ಸೆಸ್ನ ಕಂಪೆನಿ 172ರ ತಯಾರಿಕೆಯನ್ನೇ ನಿಲ್ಲಿಸಿತು. 1994ರಲ್ಲಿ ಅಮೆರಿಕದ ಶಾಸನಸಭೆ ಒಂದು ಕಾನೂನನ್ನು ಮಾಡಿ, 18 ವರ್ಷ ದಾಟಿದ ಲಘು ವಿಮಾನದ ವಿಷಯದಲ್ಲಿ ತಯಾರಕನ ಹೊಣೆಯನ್ನು ಬಹುಮಟ್ಟಿಗೆ ತಪ್ಪಿಸಿದ ಮೇಲೆ, 1996ರಲ್ಲಿ ತಯಾರಿಕೆ ಮತ್ತೆ ಆರಂಭವಾಯಿತು. ಆದರೆ ಹಳೆಯ ಬೆಲೆ ಮರಳಿ ಬರಲಿಲ್ಲ. ವರ್ಷಕ್ಕೆ ಸಾವಿರಾರು ಮಾಡಿದಾಗ ಬೀಳುವ ಖರ್ಚೇ ಬೇರೆ, ಕೆಲವೇ ನೂರು ಮಾಡಿದಾಗ ಬೀಳುವ ಖರ್ಚೇ ಬೇರೆ. ಭಾವನಿಗೆ ಹೇಳಿದ 1966ರ ವಿಮಾನದ ಬೆಲೆ ಎಪ್ಪತ್ತು ಸಾವಿರ ಡಾಲರ್. ಅತ್ತೆಗೆ ಈ ಲೆಕ್ಕವನ್ನು ಹೇಳಿದಾಗ ಅವರು ಕೇಳಿದ್ದು ಒಂದೇ ಮಾತು: “ಹಾಗಾದರೆ ಜೀವಕ್ಕೆ ಬೆಲೆ ಎಷ್ಟಂತೆ?” ಅರ್ಥಶಾಸ್ತ್ರದಲ್ಲಿ ಅದಕ್ಕೂ ಉತ್ತರವುಂಟು, ಅತ್ತೆಗೆ ಹೇಳುವ ಧೈರ್ಯ ನನಗಾಗಲಿಲ್ಲ.

ಇನ್ನು ಯಂತ್ರಗಳ ವಿಚಾರ. ಲಘು ವಿಮಾನಗಳ ಮನೆತನದಲ್ಲಿ ಅಜ್ಜನ ಸ್ಥಾನದಲ್ಲಿರುವುದು ಪೈಪರ್ ಕಬ್ ಎಂಬ ಹಳದಿ ಬಣ್ಣದ ವಿಮಾನ. 1938ರಿಂದ 1947ರವರೆಗೆ ಇದು ಹತ್ತೊಂಬತ್ತು ಸಾವಿರಕ್ಕೂ ಹೆಚ್ಚಾಗಿ ತಯಾರಾಯಿತು. ಉಕ್ಕಿನ ಕೊಳವೆಗಳ ಚೌಕಟ್ಟು, ಅದರ ಮೇಲೆ ಬಿಗಿದು ಬಣ್ಣ ಬಳಿದ ಹತ್ತಿಯ ಬಟ್ಟೆ, ಒಬ್ಬರ ಹಿಂದೆ ಒಬ್ಬರು ಕೂರುವ ಎರಡು ಆಸನ, 65 ಅಶ್ವಶಕ್ತಿಯ ಎಂಜಿನ್. ವಿದ್ಯುತ್ತೇ ಇಲ್ಲ, ಮುಂದಿನ ಪಂಕವನ್ನು ಕೈಯಿಂದ ತಿರುಗಿಸಿ ಚಾಲೂ ಮಾಡಬೇಕು. ಪೆಟ್ರೋಲು ಎಷ್ಟಿದೆಯೆಂದು ತಿಳಿಯಲು ಟ್ಯಾಂಕಿನೊಳಗೆ ಒಂದು ಬಿರಡೆ ತೇಲುತ್ತದೆ. ಅದಕ್ಕೆ ಸಿಕ್ಕಿಸಿದ ತಂತಿ ಹೊರಗೆ ಕಾಣುತ್ತದೆ. ತಂತಿ ಕುಸಿದಷ್ಟೂ ಪೆಟ್ರೋಲು ಮುಗಿಯಿತೆಂದು ಅರ್ಥ. ಇದಕ್ಕಿಂತ ಸರಳವಾದ ಸಾಧನ ಇನ್ನಾವುದಿದೆ? ನಮ್ಮ ಬೆಂಗಳೂರಿನ ಹಿಂದೂಸ್ಥಾನ್ ಕಾರ್ಖಾನೆಯಲ್ಲಿ ಡಾಕ್ಟರ್ ವಿ. ಎಂ. ಘಾಟಗೆಯವರ ಮೇಲ್ವಿಚಾರಣೆಯಲ್ಲಿ ಹುಟ್ಟಿ, 1958ರ ಸೆಪ್ಟೆಂಬರಿನಲ್ಲಿ ಮೊದಲು ಹಾರಿದ ಪುಷ್ಪಕವೂ ಈ ಬಟ್ಟೆಯ ವಿಮಾನಗಳ ಕುಲದ್ದೇ. 90 ಅಶ್ವಶಕ್ತಿ, ಅಕ್ಕಪಕ್ಕದ ಎರಡು ಆಸನ. ಸುಮಾರು ನೂರೈವತ್ತು ಪುಷ್ಪಕಗಳು ತಯಾರಾಗಿ ದೇಶದ ಫ್ಲೈಯಿಂಗ್ ಕ್ಲಬ್ಬುಗಳಲ್ಲಿ ಹಂಚಿಹೋದವು. ಮಾವನ ಕೈ ಪಳಗಿದ್ದು ಅದರ ಮೇಲೆಯೇ. ಬಿಸಿಲಿಗೆ ಬಟ್ಟೆ ಜೀರ್ಣವಾಗಿದೆಯೇ ಎಂದು ಬೆರಳಿನ ಗೆಣ್ಣಿನಿಂದ ತಟ್ಟಿ ಸದ್ದು ಕೇಳುತ್ತಿದ್ದುದನ್ನು ಅವರು ಇಂದಿಗೂ ಊಟದ ಎಲೆಯ ಪಕ್ಕದಲ್ಲಿ ತಟ್ಟಿ ತೋರಿಸುತ್ತಾರೆ.

ಈ ಹಳೆಯ ವಿಮಾನಗಳಿಗೆ ಮುಂದೆ ಎರಡು ಚಕ್ರ, ಬಾಲದಲ್ಲಿ ಒಂದು ಪುಟ್ಟ ಚಕ್ರ. ಭಾರದ ಕೇಂದ್ರ ಮುಂದಿನ ಚಕ್ರಗಳಿಗಿಂತ ಹಿಂದೆ ಇರುತ್ತದೆ. ಕೈಗಾಡಿಯನ್ನು ಎಳೆದುಕೊಂಡು ಹೋದರೆ ಅದು ನೆಟ್ಟಗೆ ಬರುತ್ತದೆ, ಹಿಂದಿನಿಂದ ನೂಕಿದರೆ ಅತ್ತಿತ್ತ ತಿರುಗಲು ನೋಡುತ್ತದೆಯಷ್ಟೆ. ಬಾಲಚಕ್ರದ ವಿಮಾನ ನೆಲದ ಮೇಲೆ ಓಡುವಾಗ ಆಗುವುದು ಎರಡನೆಯ ಬಗೆ. ಚಾಲಕ ಒಂದು ಕ್ಷಣ ಮೈಮರೆತರೆ ಹಿಂಭಾರವು ಮುಂದಕ್ಕೆ ಬರಲು ಹವಣಿಸಿ, ವಿಮಾನ ಗಿರಕಿ ಹೊಡೆದು ರೆಕ್ಕೆ ಮುರಿದುಕೊಳ್ಳುತ್ತದೆ. ಸೆಸ್ನ 172ರಲ್ಲಿ ಮೂರನೆಯ ಚಕ್ರವನ್ನು ಬಾಲದಿಂದ ತೆಗೆದು ಮೂಗಿನ ಕೆಳಗೆ ಇಟ್ಟರು. ಭಾರದ ಕೇಂದ್ರ ಮುಖ್ಯ ಚಕ್ರಗಳ ಮುಂದಕ್ಕೆ ಬಂದಿತು. ಕೈಗಾಡಿ ನೂಕುವ ಕೆಲಸ ಎಳೆಯುವ ಕೆಲಸವಾಯಿತು. ಕಲಿಯುವವರಿಗೆ ಇದರಿಂದಾದ ಉಪಕಾರ ಸಣ್ಣದಲ್ಲ. ಬಟ್ಟೆಗೆ ಬದಲು ರಿವೆಟ್ ಹೊಡೆದ ಅಲ್ಯುಮಿನಿಯಂ ತಗಡು, ತಲೆಯ ಮೇಲೆ ರೆಕ್ಕೆ, ರೆಕ್ಕೆಯಲ್ಲಿ ಪೆಟ್ರೋಲು. ನಮ್ಮ ಮನೆಯ ಮೇಲಿನ ತೊಟ್ಟಿಯಿಂದ ನಲ್ಲಿಗೆ ನೀರು ಬರುವಂತೆ ಪೆಟ್ರೋಲು ತನ್ನ ಭಾರದಿಂದಲೇ ಎಂಜಿನ್ನಿಗೆ ಇಳಿಯುವುದರಿಂದ ಆ ಕಾಲದ 172ಕ್ಕೆ ಪಂಪಿನ ಅಗತ್ಯವೂ ಇರಲಿಲ್ಲ. ಇದುವರೆಗೆ 44,000ಕ್ಕೂ ಹೆಚ್ಚು 172ಗಳು ತಯಾರಾಗಿವೆ. ಪ್ರಪಂಚದಲ್ಲಿ ಇಷ್ಟು ಸಂಖ್ಯೆಯಲ್ಲಿ ತಯಾರಾದ ವಿಮಾನ ಬೇರೊಂದಿಲ್ಲ.

ಅದರ ಗಟ್ಟಿತನಕ್ಕೆ ಒಂದು ಕಥೆ ಸಾಕು. 1958ರ ಡಿಸೆಂಬರ್ 4ರಂದು ರಾಬರ್ಟ್ ಟಿಮ್, ಜಾನ್ ಕುಕ್ ಎಂಬ ಇಬ್ಬರು ಲಾಸ್ ವೇಗಾಸಿನಲ್ಲಿ ಒಂದು 172ನ್ನು ಮೇಲೇರಿಸಿದರು. ಇಳಿದದ್ದು ಮುಂದಿನ ವರ್ಷದ ಫೆಬ್ರವರಿ 7ರಂದು! ಅರುವತ್ತನಾಲ್ಕು ದಿನಗಳಿಗೂ ಹೆಚ್ಚು ಕಾಲ ವಿಮಾನ ನೆಲ ಮುಟ್ಟಲಿಲ್ಲ. ರಸ್ತೆಯ ಮೇಲೆ ಓಡುವ ಲಾರಿಯ ನೆತ್ತಿಗೇ ಇಳಿದು ಹಾರುತ್ತ, ಹಗ್ಗದಿಂದ ಕೊಳವೆಯನ್ನು ಎಳೆದುಕೊಂಡು ಪೆಟ್ರೋಲು ತುಂಬಿಸಿಕೊಂಡರು. ಊಟವೂ ಹಾಗೆಯೇ ಬಂದಿತು. ಎಂಜಿನ್ನಿನೊಳಗೆ ಮಸಿ ಕಟ್ಟಿ ಶಕ್ತಿ ಕುಂದಿದ ಮೇಲೆಯೇ ಅವರು ಇಳಿದರು. 1987ರ ಮೇ 28ರಂದು ಇನ್ನೂ ಹತ್ತೊಂಬತ್ತು ತುಂಬದ ಜರ್ಮನಿಯ ಹುಡುಗ ಮಥಿಯಾಸ್ ರುಸ್ಟ್ ಹೆಲ್ಸಿಂಕಿಯಿಂದ ಹೊರಟು, ಸೋವಿಯತ್ ದೇಶದ ಕಾವಲನ್ನೆಲ್ಲ ದಾಟಿ ಮಾಸ್ಕೋದ ಕೆಂಪು ಚೌಕದ ಬಳಿ ಇಳಿಸಿದ್ದೂ 172ನ್ನೇ. ಅದು ವಿಮಾನದ ಗುಣವೋ ಕಾವಲುಗಾರರ ದೋಷವೋ ಇತಿಹಾಸದ ವಿದ್ಯಾರ್ಥಿಗಳು ಹೇಳಲಿ.

ಈಗ ಹೊಸ ತಲೆಮಾರಿಗೆ ಬರೋಣ. ಇದರ ಪ್ರತಿನಿಧಿಯಾಗಿ ಮಿನೆಸೋಟಾದ ಡುಲೂತ್ ಎಂಬಲ್ಲಿ ತಯಾರಾಗುವ ಸಿರಸ್ ಎಸ್‌ಆರ್ 22 ವಿಮಾನವನ್ನು ತೆಗೆದುಕೊಳ್ಳುತ್ತೇನೆ. 2001ರಿಂದ ಇದು ಮಾಲಿಕರ ಕೈ ಸೇರುತ್ತಿದೆ. ಇದರ ಮೈಯಲ್ಲಿ ತಗಡಿಲ್ಲ. ಗಾಜಿನ ಎಳೆಗಳನ್ನು ರಾಳದಲ್ಲಿ ಅದ್ದಿ ಅಚ್ಚಿನಲ್ಲಿ ಒತ್ತಿ ಗಟ್ಟಿಮಾಡಿದ ಶರೀರ. ರಿವೆಟ್ಟಿನ ತಲೆಯಾಗಲಿ ಜೋಡಣೆಯ ಅಂಚಾಗಲಿ ಇಲ್ಲದೆ ನುಣುಪಾಗಿರುವುದರಿಂದ ಗಾಳಿಯ ತಡೆ ಕಡಿಮೆ. ರೆಕ್ಕೆಯ ಹೊರಗಿನ ಅರ್ಧದ ಮುಂದಂಚನ್ನು ಸ್ವಲ್ಪ ಕೆಳಕ್ಕೆ ಬಾಗಿಸಿದ್ದಾರೆ. ವೇಗ ಅತಿಯಾಗಿ ಇಳಿದು ರೆಕ್ಕೆ ಎತ್ತುವ ಶಕ್ತಿಯನ್ನು ಕಳೆದುಕೊಳ್ಳುವಾಗ ಮೊದಲು ಸೋಲುವುದು ಬುಡದ ಭಾಗ. ತುದಿಯ ಭಾಗ ಇನ್ನೂ ಕೆಲಸ ಮಾಡುತ್ತಿರುವುದರಿಂದ ಚಾಲಕನಿಗೆ ವಿಮಾನವನ್ನು ಸಮವಾಗಿ ಹಿಡಿಯಲು ಅವಕಾಶವಿರುತ್ತದೆ. ಎಂಜಿನ್ 310 ಅಶ್ವಶಕ್ತಿಯದು. ಗಂಟೆಗೆ ಸುಮಾರು 210 ಮೈಲಿ ವೇಗ. ಹೊಸದರ ಬೆಲೆ ಎಂಟು ಲಕ್ಷ ಡಾಲರಿಗೂ ಮೇಲೆ.

ಆದರೆ ಸಿರಸ್ ಹೆಸರಾದದ್ದು ಇವುಗಳಿಂದಲ್ಲ, ಅದರ ಬೆನ್ನಿನಲ್ಲಿ ಅಡಗಿಸಿಟ್ಟಿರುವ ಪ್ಯಾರಾಚೂಟಿನಿಂದ. ಕಂಪೆನಿಯನ್ನು ಸ್ಥಾಪಿಸಿದ ಇಬ್ಬರು ಸೋದರರಲ್ಲಿ ಒಬ್ಬರಾದ ಅಲನ್ ಕ್ಲಾಪ್‌ಮಯರ್ 1985ರಲ್ಲಿ ಹಾರುತ್ತಿದ್ದಾಗ ಅವರ ವಿಮಾನಕ್ಕೆ ಇನ್ನೊಂದು ವಿಮಾನ ಆಕಾಶದಲ್ಲೇ ಡಿಕ್ಕಿ ಹೊಡೆಯಿತು. ರೆಕ್ಕೆಯ ತುಂಡೊಂದು ಹೋಗಿದ್ದರೂ ಅವರು ಹೇಗೋ ಇಳಿದು ಬದುಕಿದರು. ಆ ಇನ್ನೊಬ್ಬ ಚಾಲಕ ಸತ್ತ. ಆತನಿಗೆ ಇನ್ನೊಂದು ಉಪಾಯವಿದ್ದಿದ್ದರೆ ಎಂಬ ಚಿಂತೆಯಿಂದ ಈ ಪ್ಯಾರಾಚೂಟ್ ಬಂದಿತು. ಚಾಲಕನ ತಲೆಯ ಮೇಲಿನ ಹಿಡಿಯನ್ನು ಎಳೆದರೆ ಒಂದು ರಾಕೆಟ್ ಸಿಡಿದು ಪ್ಯಾರಾಚೂಟನ್ನು ಹೊರಕ್ಕೆ ಎಳೆಯುತ್ತದೆ. ಶರೀರದ ಹೊದಿಕೆಯ ಕೆಳಗೆ ಹುದುಗಿರುವ ಪಟ್ಟಿಗಳು ಬಿಚ್ಚಿಕೊಂಡು ಇಡೀ ವಿಮಾನವೇ ಅದರಿಂದ ತೂಗಿಕೊಂಡು ಇಳಿಯುತ್ತದೆ. ನೆಲಕ್ಕೆ ತಾಕುವ ಪೆಟ್ಟು ಸುಮಾರು ಹನ್ನೆರಡು ಅಡಿ ಎತ್ತರದಿಂದ ಬಿದ್ದಂತೆ. ಆ ಪೆಟ್ಟನ್ನು ಚಕ್ರದ ಕಾಲುಗಳೂ ಆಸನಗಳೂ ಕುಸಿದು ನುಂಗುತ್ತವೆ. 2002ರ ಅಕ್ಟೋಬರಿನಲ್ಲಿ ಟೆಕ್ಸಾಸಿನಲ್ಲಿ ಇದು ಮೊದಲ ಜೀವವನ್ನು ಉಳಿಸಿತು. ಅಲ್ಲಿಂದೀಚೆಗೆ ಉಳಿದವರ ಸಂಖ್ಯೆ ಇನ್ನೂರನ್ನು ದಾಟಿದೆ. ಹತ್ತು ವರ್ಷಕ್ಕೊಮ್ಮೆ ಇದನ್ನು ಹೊಸದಾಗಿ ಮಡಿಸಿ ಕೂರಿಸಲು ಹತ್ತು ಸಾವಿರ ಡಾಲರಿಗೂ ಹೆಚ್ಚು ಖರ್ಚಾಗುತ್ತದೆ ಎಂಬುದನ್ನೂ ಹೇಳಿಬಿಡಬೇಕು.

ಇಷ್ಟನ್ನು ಓದಿದಾಗ ಅತ್ತೆಯ ಪಕ್ಷವೇ ಗೆದ್ದಿತೆಂದು ನಾನು ಎಣಿಸಿದೆ. ಮುಂದೆ ಓದಿದಂತೆ ಒಂದು ವಿಚಿತ್ರ ಕಾಣಿಸಿತು. ಮೊದಲ ಹತ್ತು ವರ್ಷಗಳಲ್ಲಿ ಸಿರಸ್ ವಿಮಾನಗಳಲ್ಲಿ ಸತ್ತವರ ಪ್ರಮಾಣ ಇತರ ಲಘು ವಿಮಾನಗಳಿಗಿಂತ ಉತ್ತಮವಾಗಿರಲಿಲ್ಲ! ಪ್ಯಾರಾಚೂಟ್ ಇದ್ದೂ ಅದನ್ನು ಎಳೆಯದೆ ಸತ್ತವರು ಅನೇಕರು. ಹೇಗಾದರೂ ಇಳಿಸಿಬಿಡುತ್ತೇನೆ ಎಂಬ ಛಲ, ವಿಮಾನ ಹಾಳಾಗುತ್ತದೆ ಎಂಬ ಲೋಭ, ನಾಲ್ಕು ಜನ ನಗುತ್ತಾರೆ ಎಂಬ ಸಂಕೋಚ ಅವರ ಕೈಯನ್ನು ಕಟ್ಟಿದವು. 2011ರ ಸುಮಾರಿಗೆ ಕಂಪೆನಿಯೂ ಮಾಲಿಕರ ಸಂಘವೂ ಸೇರಿ ಪಾಠಕ್ರಮವನ್ನೇ ಬದಲಾಯಿಸಿ, ಸಂದೇಹ ಬಂದೊಡನೆ ಮೊದಲು ಹಿಡಿಯನ್ನು ಎಳೆಯಿರಿ ಎಂದು ಮತ್ತೆ ಮತ್ತೆ ಅಭ್ಯಾಸ ಮಾಡಿಸಿದ ಮೇಲೆ ಸಾವುಗಳು ಇಳಿದವು. ವಿಮಾನ ಅದೇ, ಪ್ಯಾರಾಚೂಟೂ ಅದೇ. ಬದಲಾದದ್ದು ಕಲಿಸುವ ಬಗೆ. ಅಧ್ಯಾಪಕರು ಈ ವಾಕ್ಯವನ್ನು ಓದಿ ಸಂತೋಷಪಡಬಹುದು.

ಉಪಕರಣಗಳ ವಿಷಯದಲ್ಲಿಯೂ ಇಂಥದೇ ಒಂದು ಪಾಠವಿದೆ. ಮೋಡದೊಳಗೆ ಹೊಕ್ಕ ಮನುಷ್ಯನಿಗೆ ಮೇಲೆ ಯಾವುದು, ಕೆಳಗೆ ಯಾವುದು ಎಂಬುದು ಮೈಯಿಂದ ತಿಳಿಯದು. ಕಿವಿಯೊಳಗಿನ ಸಮತೋಲದ ಅಂಗ ಮೋಸಮಾಡುತ್ತದೆ. ಆಗ ನಂಬಬೇಕಾದದ್ದು ಕೃತಕ ದಿಗಂತವನ್ನು ತೋರಿಸುವ ಮುಳ್ಳನ್ನು. ಹಳೆಯ ವಿಮಾನಗಳಲ್ಲಿ ಅದರೊಳಗೆ ಬುಗುರಿಯೊಂದು ತಿರುಗುತ್ತದೆ. ಅದನ್ನು ತಿರುಗಿಸುವುದು ಎಂಜಿನ್ನಿಗೆ ಕಟ್ಟಿದ ಗಾಳಿ ಹೀರುವ ಪಂಪು. ಈ ಪಂಪು ಯಾವ ಮುನ್ಸೂಚನೆಯನ್ನೂ ಕೊಡದೆ ಕೆಡಬಹುದು. ಬುಗುರಿ ಥಟ್ಟನೆ ನಿಲ್ಲುವುದೂ ಇಲ್ಲ; ಮೆಲ್ಲಮೆಲ್ಲನೆ ವಾಲುತ್ತ, ತನ್ನೊಡನೆ ಚಾಲಕನನ್ನೂ ವಾಲಿಸಿಕೊಂಡು ಹೋಗುತ್ತದೆ. ಹೊಸ ವಿಮಾನಗಳಲ್ಲಿ ತಿರುಗುವ ಭಾಗವೇ ಇಲ್ಲದ ವಿದ್ಯುನ್ಮಾನ ಸಾಧನಗಳಿದ್ದು, ದಿಗಂತ, ಭೂಪಟ, ಗುಡ್ಡಬೆಟ್ಟ, ಮಳೆ ಮೋಡ ಎಲ್ಲವೂ ಎರಡು ಪರದೆಗಳ ಮೇಲೆ ಬಣ್ಣದಲ್ಲಿ ಮೂಡುತ್ತವೆ. ಎಷ್ಟು ಒಳ್ಳೆಯದು! ಆದರೂ 2010ರಲ್ಲಿ ಅಮೆರಿಕದ ಸಾರಿಗೆ ಸುರಕ್ಷಾ ಮಂಡಳಿ, 2002ರಿಂದ 2006ರವರೆಗೆ ತಯಾರಾದ ವಿಮಾನಗಳನ್ನು ಹೋಲಿಸಿ ನೋಡಿದಾಗ, ಪರದೆಗಳಿರುವ ವಿಮಾನಗಳಲ್ಲಿ ಒಟ್ಟು ಅಪಘಾತಗಳು ಕಡಿಮೆಯಿದ್ದರೂ ಸಾವಿನ ಅಪಘಾತಗಳ ಪ್ರಮಾಣ ಹೆಚ್ಚಾಗಿದ್ದುದು ಕಂಡುಬಂದಿತು. ಅಂಥ ವಿಮಾನಗಳನ್ನು ದೂರ ಪ್ರಯಾಣಕ್ಕೂ ಕೆಟ್ಟ ಹವೆಯಲ್ಲಿಯೂ ಹೆಚ್ಚಾಗಿ ಬಳಸುತ್ತಿದ್ದುದು ಇದಕ್ಕೆ ಒಂದು ಕಾರಣ. ಹಳೆಯ ವಿಮಾನಕ್ಕೂ ಈಗ ಕೆಲವು ಸಾವಿರ ಡಾಲರಿನಲ್ಲಿ ವಿದ್ಯುನ್ಮಾನ ದಿಗಂತವನ್ನು ಹಾಕಿಸಬಹುದು. ದೇವರ ತೇರಿಗೆ ಚಕ್ರ, ಅಚ್ಚು, ಹಗ್ಗ ಎಲ್ಲವನ್ನೂ ಕಾಲಕಾಲಕ್ಕೆ ಬದಲಾಯಿಸಿದರೂ ತೇರು ಹಳೆಯದೇ ಎನ್ನುತ್ತೇವಲ್ಲ, 1966ರ ವಿಮಾನವೂ ಹಾಗೆಯೇ.

ಹೊಸದು ಎಂದು ನಾವು ತಿಳಿದಿರುವುದರಲ್ಲಿ ಅತ್ಯಂತ ಹಳೆಯದು ಯಾವುದು ಬಲ್ಲಿರಾ? ಎಂಜಿನ್. ಸಿರಸ್ಸಿನ ಎಂಜಿನ್ ಕೂಡ ಸೆಸ್ನದ ಎಂಜಿನ್ನಿನಂತೆಯೇ ಗಾಳಿಯಿಂದ ತಣಿಯುವ, ಸಿಲಿಂಡರುಗಳು ಎದುರುಬದುರಾಗಿ ಮಲಗಿರುವ ಯಂತ್ರವೇ. ಕಿಡಿ ಹೊತ್ತಿಸಲು ಎರಡರಲ್ಲಿಯೂ ಅದೇ ಮ್ಯಾಗ್ನೆಟೋ. ಬ್ಯಾಟರಿ ಸತ್ತರೂ ಮ್ಯಾಗ್ನೆಟೋ ಕೆಲಸ ಮಾಡುತ್ತದೆ, ಅದಕ್ಕೇ ಅದನ್ನು ಬಿಟ್ಟಿಲ್ಲ. ಮುಖ್ಯ ವ್ಯತ್ಯಾಸವೊಂದುಂಟು: 1966ರ ವಿಮಾನದಲ್ಲಿ ಕಾರ್ಬುರೇಟರ್, ಸಿರಸ್ಸಿನಲ್ಲಿ ಪೆಟ್ರೋಲನ್ನು ನೇರವಾಗಿ ಚಿಮ್ಮಿಸುವ ವ್ಯವಸ್ಥೆ. ಕಾರ್ಬುರೇಟರಿನ ಕಿರಿದಾದ ಗಂಟಲಿನಲ್ಲಿ ಪೆಟ್ರೋಲು ಆವಿಯಾಗುವಾಗ ಗಾಳಿ ಎಷ್ಟು ತಣ್ಣಗಾಗುತ್ತದೆಯೆಂದರೆ, ಹೊರಗೆ 20 ಡಿಗ್ರಿ ಸೆಲ್ಸಿಯಸ್ ಬೆಚ್ಚಗಿದ್ದರೂ ತೇವದ ದಿನಗಳಲ್ಲಿ ಗಂಟಲೊಳಗೆ ಮಂಜುಗಡ್ಡೆ ಕಟ್ಟಿ ಎಂಜಿನ್ ಉಸಿರುಗಟ್ಟಬಹುದು. ಬಿಸಿಗಾಳಿಯ ಗುಂಡಿಯನ್ನು ಎಳೆದರೆ ಕರಗುತ್ತದೆ. ಎಳೆಯಲು ಮರೆತರೆ ಹೊಲದಲ್ಲಿ ಇಳಿಯಬೇಕು. ಪೆಟ್ರೋಲಿನ ವಿಷಯದಲ್ಲಿ ಹಳೆಯದೇ ಸಾಧು. 80 ಆಕ್ಟೇನ್ ಪೆಟ್ರೋಲಿಗಾಗಿ ಮಾಡಿದ ಎಂಜಿನ್ ಅದು. ಹೊಸ ಬಲಶಾಲಿ ಎಂಜಿನ್ನುಗಳಿಗೆ ಬೇಕಾದದ್ದು 100 ಆಕ್ಟೇನ್, ಅದರಲ್ಲಿ ಸೀಸ ಬೆರೆತಿರುತ್ತದೆ. ಮೋಟಾರು ಕಾರುಗಳು ಎಂದೋ ಬಿಟ್ಟ ಈ ವಿಷವನ್ನು ವಿಮಾನಗಳು ಬಿಡಲು ಈಗ ಪ್ರಯತ್ನ ನಡೆಸಿವೆ. ಸೀಸವಿಲ್ಲದ ಒಂದು 100 ಆಕ್ಟೇನ್ ಪೆಟ್ರೋಲಿಗೆ 2022ರಲ್ಲಿ ಅಲ್ಲಿನ ಸರ್ಕಾರ ಒಪ್ಪಿಗೆ ಕೊಟ್ಟಿತು. ನಿಜವಾಗಿ ಹೊಸ ಬಗೆಯ ಎಂಜಿನ್ ನೋಡಬೇಕಾದರೆ ಆಸ್ಟ್ರಿಯಾದ ರೋಟಾಕ್ಸನ್ನು ನೋಡಬೇಕು. ನಮ್ಮ ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದವರು 1993ರಲ್ಲಿ ಹಾರಿಸಿದ ಹಂಸ, 2021ರಲ್ಲಿ ಹಾರಿಸಿದ ಅದರ ಹೊಸ ರೂಪ, ಇವೆರಡರ ಸಂತತಿಗೂ ಆ ಎಂಜಿನ್ನಿನ ನಂಟಿದೆ.

ವೇಗ ಹೆಚ್ಚಾದರೆ ಖರ್ಚು ಹೆಚ್ಚು ಎಂದು ತಿಳಿದಿದ್ದೆ. ವಿಚಿಟಾದಿಂದ ಡಲ್ಲಾಸಿಗೆ ಸುಮಾರು 340 ಮೈಲಿ. ಗಂಟೆಗೆ 120 ಮೈಲಿ ಹೋಗುವ ಹಳೆಯ ಸೆಸ್ನಕ್ಕೆ ಎರಡು ಗಂಟೆ ಐವತ್ತು ನಿಮಿಷ. ಗಂಟೆಗೆ 8 ಗ್ಯಾಲನ್ನಿನಂತೆ 23 ಗ್ಯಾಲನ್ ಪೆಟ್ರೋಲು. ಸಿರಸ್ಸಿಗೆ ಒಂದು ಗಂಟೆ ಮೂವತ್ತೇಳು ನಿಮಿಷ. ಗಂಟೆಗೆ 17ರಂತೆ 27 ಅಥವಾ 28 ಗ್ಯಾಲನ್. ಪ್ರಯಾಣದ ಲೆಕ್ಕದಲ್ಲಿ ವ್ಯತ್ಯಾಸ ನಾಲ್ಕೈದು ಗ್ಯಾಲನ್ ಮಾತ್ರ! ಸಿರಸ್ ದುಬಾರಿಯಾಗುವುದು ಪೆಟ್ರೋಲಿನಿಂದಲ್ಲ, ಕೊಂಡ ಬೆಲೆಯ ಬಡ್ಡಿಯಿಂದಲೂ ವಿಮೆಯಿಂದಲೂ.

ಇಲ್ಲಿಯವರೆಗಿನದನ್ನು ಒಂದು ಭಾನುವಾರ ಮಾವನ ಮುಂದೆ ಓದಿದೆ. ಅವರು ಕೇಳಿ, “ಎಲ್ಲಾ ಬರೆದಿದ್ದೀಯ. ವಯಸ್ಸು ಅಂದರೆ ಏನು ಅಂತ ಬರೆದೇ ಇಲ್ಲವಲ್ಲೋ” ಎಂದರು. ವಿಮಾನದ ವಯಸ್ಸನ್ನು ವರ್ಷಗಳಲ್ಲಿ ಎಣಿಸಬಾರದು, ಹಾರಿದ ಗಂಟೆಗಳಲ್ಲಿಯೂ ಇಳಿದ ಸಲಗಳಲ್ಲಿಯೂ ಎಣಿಸಬೇಕೆಂಬುದು ಅವರ ವಾದ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸುತ್ತಿದ್ದರೆ ಒಂದು ಸಲ ಮುರಿಯುತ್ತದೆ. ಲೋಹದ ದಣಿವೆಂದರೆ ಅದೇ. 2018ರ ಏಪ್ರಿಲಿನಲ್ಲಿ ಫ್ಲಾರಿಡಾದ ಡೇಟೋನಾ ಬೀಚಿನಲ್ಲಿ ತರಬೇತಿಯ ಪೈಪರ್ ವಿಮಾನವೊಂದು ಮೇಲೇರುತ್ತಿದ್ದಾಗ ರೆಕ್ಕೆಯೇ ಕಳಚಿ ಬಿದ್ದು ಇಬ್ಬರು ಸತ್ತರು. ರೆಕ್ಕೆಯ ತೊಲೆಯಲ್ಲಿ ದಣಿವಿನ ಬಿರುಕು ಬೆಳೆದಿತ್ತು. ಆ ವಿಮಾನ ತಯಾರಾದದ್ದು 2007ರಲ್ಲಿ! ವಯಸ್ಸು ಹನ್ನೊಂದೇ ವರ್ಷ, ಆದರೆ ದಿನವೂ ಕಲಿಯುವವರ ಕೈಯಲ್ಲಿ ಏರಿ ಇಳಿದು 7,600 ಗಂಟೆಗೂ ಮೇಲೆ ಹಾರಿತ್ತು. ಇದಕ್ಕೆ ವಿರುದ್ಧವಾಗಿ ಹಾರದೆ ನಿಂತ ವಿಮಾನವೂ ಕೆಡುತ್ತದೆ. ಕೆಲವು ಜಾತಿಯ ಎಂಜಿನ್ನುಗಳಲ್ಲಿ ಕವಾಟಗಳನ್ನು ತೆರೆಯುವ ಕ್ಯಾಮ್ ಷಾಫ್ಟ್ ಮೇಲ್ಭಾಗದಲ್ಲಿದೆ. ತಿಂಗಳುಗಟ್ಟಲೆ ನಿಂತರೆ ಎಣ್ಣೆಯೆಲ್ಲ ಇಳಿದುಹೋಗಿ ಅದಕ್ಕೆ ತುಕ್ಕು ಹಿಡಿಯುತ್ತದೆ. ಕಡಲ ತೀರದಲ್ಲಿ ಬಯಲಿನಲ್ಲಿ ನಿಂತದ್ದಾದರೆ ಅಲ್ಯುಮಿನಿಯಂ ಒಳಗಿನಿಂದಲೇ ಬೂದಿಯಾಗುತ್ತದೆ.

ಅತ್ತೆಗೆ ನಾನು ಮುಚ್ಚಿಡಬಾರದೆಂದು ಹೇಳಿದ ವಿಷಯ ಬೇರೆ ಎರಡು. ಒಂದು, ಹಳೆಯ ಸೆಸ್ನಗಳಲ್ಲಿ ಚಾಲಕನ ಆಸನ ಎರಡು ಹಳಿಗಳ ಮೇಲೆ ಹಿಂದೆ ಮುಂದೆ ಜಾರುತ್ತದೆ. ಹಳಿಯ ತೂತಿನಲ್ಲಿ ಒಂದು ಮೊಳೆ ಕೂತು ಅದನ್ನು ಹಿಡಿಯುತ್ತದೆ. ತೂತು ಸವೆದಿದ್ದರೆ, ವಿಮಾನ ರಭಸದಿಂದ ಮೇಲೇಳುವಾಗ ಆಸನ ಹಿಂದಕ್ಕೆ ಜಾರುತ್ತದೆ. ಹಿಡಿದ ಚಕ್ರವನ್ನು ಚಾಲಕ ತನ್ನೊಡನೆ ಎಳೆದುಕೊಳ್ಳುತ್ತಾನೆ, ಮೂಗು ನೆಟ್ಟಗೆ ಮೇಲಕ್ಕೇರಿ ವಿಮಾನ ಬೀಳುತ್ತದೆ. ಈ ಹಳಿಗಳನ್ನು ತಪ್ಪದೆ ಪರೀಕ್ಷಿಸಬೇಕೆಂದು 1987ರಲ್ಲಿ ಅಲ್ಲಿನ ಸರ್ಕಾರ ಕಡ್ಡಾಯ ಆಜ್ಞೆ ಮಾಡಿತು. ಎರಡನೆಯದು ಹೆಗಲಪಟ್ಟಿ. ಮುಂದಿನ ಆಸನಗಳಿಗೆ ಹೆಗಲಪಟ್ಟಿ ಕಡ್ಡಾಯವಾದದ್ದು 1978ರ ಜುಲೈ ನಂತರ ತಯಾರಾದ ವಿಮಾನಗಳಿಗೆ ಮಾತ್ರ. ಅದಕ್ಕೆ ಮೊದಲಿನ ಎಷ್ಟೋ ವಿಮಾನಗಳಲ್ಲಿ ಸೊಂಟದ ಪಟ್ಟಿಯೊಂದೇ. ಬದುಕಬಹುದಾದ ಅಪಘಾತದಲ್ಲಿಯೂ ಮುಖ ಹೋಗಿ ಉಪಕರಣಗಳಿಗೆ ಬಡಿದರೆ ಗತಿಯೇನು? ಹೆಗಲಪಟ್ಟಿಯನ್ನು ಹಳೆಯ ವಿಮಾನಕ್ಕೂ ಹಾಕಿಸಬಹುದು, ಖರ್ಚೂ ಹೆಚ್ಚಲ್ಲ. ಹಾಕಿಸದೆ ಹಾರುವವನನ್ನು ನಾನು ಜಿಪುಣನೆಂದೇ ಕರೆಯುತ್ತೇನೆ.

ನನ್ನ ಅಭಿಪ್ರಾಯ ಕೇಳಿದರೆ, ರಾತ್ರಿಯಲ್ಲಿಯೂ ಮೋಡದಲ್ಲಿಯೂ ದೂರ ಪ್ರಯಾಣ ಮಾಡುವವನಿಗೆ ಪ್ಯಾರಾಚೂಟಿನ ವಿಮಾನವೇ ತಕ್ಕದ್ದು. ಮತ್ತು ಅದನ್ನು ಎಳೆಯಲು ಅವನು ಪ್ರತಿವರ್ಷ ಅಭ್ಯಾಸ ಮಾಡಬೇಕು. ಭಾನುವಾರ ಬಿಸಿಲಿನಲ್ಲಿ ಹೆಂಡತಿ ಮಕ್ಕಳೊಡನೆ ನೂರು ಮೈಲಿ ಹೋಗಿ ಬರುವವನಿಗೆ ಹೆಗಲಪಟ್ಟಿ, ಗಟ್ಟಿ ಹಳಿ, ವಿದ್ಯುನ್ಮಾನ ದಿಗಂತ ಈ ಮೂರೂ ಇರುವ ಹಳೆಯ ಸೆಸ್ನ ಸಾಕು. ಮಾವ ಇದನ್ನು ಪೂರ್ತಿ ಒಪ್ಪುವುದಿಲ್ಲ. ಬಿಸಿಲಿನಲ್ಲಿ ಹೊರಟವನೇ ಮೋಡಕ್ಕೆ ಸಿಕ್ಕುತ್ತಾನೆ ಎನ್ನುತ್ತಾರೆ.

ಭಾವ ಆ ವಿಮಾನವನ್ನು ಕೊಳ್ಳುವ ಮುನ್ನ, ತಂದೆಯ ಮಾತಿನಂತೆ, ಮಾರುವವನಿಗೆ ಸಂಬಂಧವಿಲ್ಲದ ಬೇರೊಬ್ಬ ಮೆಕ್ಯಾನಿಕ್ಕಿನಿಂದ ಪರೀಕ್ಷೆ ಮಾಡಿಸಿದ. ಎಡಗಡೆಯ ಆಸನದ ಹಳಿಯಲ್ಲಿ ಬಿರುಕು. ಲಾಗ್ ಪುಸ್ತಕದಲ್ಲಿ ಹನ್ನೊಂದು ವರ್ಷ ಯಾವ ದಾಖಲೆಯೂ ಇಲ್ಲ. ಹಳಿಯನ್ನು ಬದಲಾಯಿಸಬಹುದು, ಹನ್ನೊಂದು ವರ್ಷವನ್ನು ಬದಲಾಯಿಸಲಾಗದು ಎಂದು ಮಾವ ಫೋನಿನಲ್ಲೇ ಬೇಡವೆಂದರು. ಪರೀಕ್ಷೆಯ ಖರ್ಚು ದಂಡವಾಯಿತೆಂದು ಭಾವ ಗೊಣಗಿದನಂತೆ. ಈಗ 1974ನೆಯ ಇಸವಿಯದೊಂದನ್ನು ನೋಡಿದ್ದಾನೆ. ಹೆಗಲಪಟ್ಟಿಗಳಿವೆ, ಪುಸ್ತಕಗಳು ಪೂರ್ತಿಯಾಗಿವೆ. ಕಳೆದ ಎರಡು ಚಳಿಗಾಲಗಳಲ್ಲಿ ಅದು ಎಷ್ಟು ಸಲ ಹಾರಿತ್ತು ಎಂದು ಮಾವ ಕೇಳಿ ಕಳುಹಿಸಿದ್ದಾರೆ. ಉತ್ತರ ಇನ್ನೂ ಬಂದಿಲ್ಲ. ಅತ್ತೆಗೆ ಮಾತ್ರ ಸ್ವಲ್ಪ ಸಮಾಧಾನವಾದಂತಿದೆ. “ಮೊದಲಿನದಕ್ಕಿಂತ ಎಂಟು ವರ್ಷ ಚಿಕ್ಕದಂತೆ” ಎಂದು ನಮ್ಮ ತಾಯಿಗೆ ಹೇಳುತ್ತಿದ್ದರು.